ಅಳತೆ ಟೇಪು ಹಿಡಿದ ಪ್ರಾಧ್ಯಾಪಕಿ: ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಮಹಿಳಾ ಬೋಧಕರ ಪ್ರಶ್ನೆ ಏನು?

2025ರ ಜನವರಿ 21ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊರಡಿಸಿದ ಆದೇಶವೊಂದು ಸುಮಾರು 60 ವರ್ಷ ಹಳೆಯದಾದ ಇನ್ನೊಂದು ಆದೇಶವನ್ನು ರದ್ದುಪಡಿಸಿತು. ಮಾರ್ಚ್ ಕೊನೆಗೆ ಮಿಷಿಗನ್ ವಿಶ್ವವಿದ್ಯಾಲಯ ತನ್ನ ‘ಡಿಇಐ’ ಕಚೇರಿಯನ್ನು ಮುಚ್ಚುವುದಾಗಿ ಪ್ರಕಟಿಸಿತು. ಏಪ್ರಿಲ್‌ನಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಅಂದರೆ ಎನ್‌ಎಸ್‌ಎಫ್, ಈ ಹಣೆಪಟ್ಟಿಯಡಿ ಬರುವ ಅನುದಾನಗಳನ್ನು ಅರ್ಧದಲ್ಲೇ ನಿಲ್ಲಿಸತೊಡಗಿತು.

ಅಲ್ಲಿ ಪಿಎಚ್‌ಡಿ ಮಾಡುತ್ತಿರುವ ಮಗಳೋ, ಪಾಠ ಹೇಳುತ್ತಿರುವ ಸೊಸೆಯೋ ಇರುವ ಮನೆಗಳು ನಮ್ಮಲ್ಲಿ ಈಗ ಬೀದಿಗೊಂದಾದರೂ ಸಿಗುತ್ತವೆ. ಆ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಸರಳವಾದದ್ದು: ‘ಏನಿದು ಡಿಇಐ? ಅದು ಇದ್ದಾಗ ಏನಾಗುತ್ತಿತ್ತು, ಹೋದರೆ ಏನಾಗುತ್ತದೆ?’ ಉತ್ತರಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. ಬಹುಪಾಲು ಕಥೆ ಇಬ್ಬರು ಮಹಿಳೆಯರ ಸುತ್ತ ಇದೆ. ಒಬ್ಬರ ಕೈಯಲ್ಲಿ ಒಂದು ಅಡಿಟಿಪ್ಪಣಿ ಇತ್ತು, ಇನ್ನೊಬ್ಬರ ಕೈಯಲ್ಲಿ ಅಳತೆ ಟೇಪು.

ಮೂರು ಪದಗಳು ಗೊತ್ತಿರಲಿ

ಮೊದಲನೆಯದು ಡಿಇಐ. ಡೈವರ್ಸಿಟಿ, ಈಕ್ವಿಟಿ, ಇನ್‌ಕ್ಲೂಷನ್ ಎಂಬ ಮೂರು ಮಾತುಗಳ ಮೊದಲಕ್ಷರಗಳು. ವೈವಿಧ್ಯ, ಸಮನ್ಯಾಯ, ಒಳಗೊಳ್ಳುವಿಕೆ ಎನ್ನಬಹುದು. ಇದನ್ನು ನಮ್ಮ ಮೀಸಲಾತಿ ಎಂದುಕೊಂಡರೆ ತಪ್ಪಾಗುತ್ತದೆ. ನಮ್ಮಲ್ಲಿ ಬೋಧಕ ಹುದ್ದೆಗಳಿಗೆ ರೋಸ್ಟರ್ ಇದೆ, ಎಷ್ಟನೇ ಬಿಂದು ಯಾವ ವರ್ಗಕ್ಕೆ ಎಂದು ಮೊದಲೇ ನಿಗದಿಯಾಗಿರುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. 1978ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್, ವಿದ್ಯಾರ್ಥಿಗಳ ಪ್ರವೇಶದಲ್ಲಿ ಜನಾಂಗದ ಆಧಾರದ ಮೇಲೆ ಸೀಟು ಕಾದಿರಿಸುವುದು ಸಲ್ಲದು ಎಂದಿತ್ತು. ಹಾಗಾಗಿ ಅಲ್ಲಿ ನಡೆದದ್ದೆಲ್ಲ ಬೇರೆ ದಾರಿಗಳಲ್ಲಿ: ಅರ್ಜಿ ಹಾಕುವವರ ಬಳಗವನ್ನು ಹಿಗ್ಗಿಸುವುದು, ಆಯ್ಕೆ ಸಮಿತಿಗೆ ತರಬೇತಿ ಕೊಡುವುದು, ಸಂಬಳ ಮತ್ತು ಸೌಲಭ್ಯಗಳ ಲೆಕ್ಕ ತೆಗೆಯುವುದು.

ಎರಡನೆಯದು ಈಕ್ವಿಟಿ. ಸಮಾನತೆಗೂ ಇದಕ್ಕೂ ಏನು ವ್ಯತ್ಯಾಸ? ಹಳೆಯ ಸಿಟಿ ಬಸ್ಸಿನ ಎತ್ತರದ ಮೆಟ್ಟಿಲು ನೆನಪಿಸಿಕೊಳ್ಳಿ. ಆ ಮೆಟ್ಟಿಲು ಎಲ್ಲರಿಗೂ ಒಂದೇ, ಯಾರಿಗೂ ಭೇದ ಮಾಡಿಲ್ಲ. ಆದರೆ ಸೀರೆಯುಟ್ಟು, ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದವಳಿಗೂ ಕೈಬೀಸಿಕೊಂಡು ಬಂದ ಹುಡುಗನಿಗೂ ಅದು ಒಂದೇ ಮೆಟ್ಟಿಲಲ್ಲ. ಲೋ-ಫ್ಲೋರ್ ಬಸ್ಸು ಬಂದಾಗ ಯಾರನ್ನೂ ಕೆಳಗಿಳಿಸಲಿಲ್ಲ, ಟಿಕೆಟ್ ದರವನ್ನೂ ಹೆಣ್ಣು-ಗಂಡು ಎಂದು ಬೇರೆ ಮಾಡಲಿಲ್ಲ. ಮೆಟ್ಟಿಲನ್ನೇ ತಗ್ಗಿಸಿತು. ಈಕ್ವಿಟಿ ಎಂದರೆ ಹೆಚ್ಚುಕಡಿಮೆ ಅದು.

ಮೂರನೆಯದು ಟೆನ್ಯೂರ್. ನಮ್ಮಲ್ಲಿ ಪ್ರೊಬೇಷನ್ ಮುಗಿದರೆ ಸಾಮಾನ್ಯವಾಗಿ ಕೆಲಸ ಖಾಯಂ. ಅಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದವರು ಆರೇಳು ವರ್ಷದೊಳಗೆ ಸಂಶೋಧನೆ, ಪ್ರಕಟಣೆ, ಪಾಠ ಎಲ್ಲದರ ಕಡತ ಸಿದ್ಧಮಾಡಿ ಒಪ್ಪಿಸಬೇಕು. ಹೊರಗಿನ ತಜ್ಞರು ಅಭಿಪ್ರಾಯ ಬರೆಯುತ್ತಾರೆ, ವಿಭಾಗದ ಹಿರಿಯರು ಮತ ಹಾಕುತ್ತಾರೆ. ದಾಟಿದರೆ ಕೆಲಸ ಬದುಕಿಗೆಲ್ಲ ಭದ್ರ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಪಿಎಚ್‌ಡಿ ಮುಗಿಯುವಾಗ ವಯಸ್ಸು 30ರ ಆಸುಪಾಸು, ಈ ಪರೀಕ್ಷೆ ಮುಗಿಯುವಾಗ 35 ದಾಟಿರುತ್ತದೆ. ಮಕ್ಕಳಾಗುವ ವಯಸ್ಸೂ ಅದೇ. ಈ ಗಡಿಯಾರವನ್ನು ರೂಪಿಸಿದ ಕಾಲದಲ್ಲಿ ಪ್ರಾಧ್ಯಾಪಕ ಎಂದರೆ ಮನೆಯಲ್ಲಿ ಹೆಂಡತಿ ಇರುವ ಗಂಡಸು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅಡಿಟಿಪ್ಪಣಿಯಲ್ಲಿ ಸಿಕ್ಕ ಆದೇಶ

1969ರಲ್ಲಿ ಬರ್ನೀಸ್ ಸ್ಯಾಂಡ್ಲರ್ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅರೆಕಾಲಿಕ ಬೋಧಕಿ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗೆಸ್ಟ್ ಲೆಕ್ಚರರ್. ವಿಭಾಗದಲ್ಲಿ ಹಲವು ಹುದ್ದೆಗಳು ಖಾಲಿಯಿದ್ದರೂ ಅವರ ಹೆಸರು ಒಂದಕ್ಕೂ ಪರಿಗಣನೆಗೆ ಬರಲಿಲ್ಲ. ಯಾಕೆಂದು ಸಹೋದ್ಯೋಗಿಯನ್ನು ಕೇಳಿದಾಗ ಸಿಕ್ಕ ಉತ್ತರದ ತಾತ್ಪರ್ಯ: ಹೆಂಗಸಾಗಿ ನಿಮ್ಮದು ಸ್ವಲ್ಪ ಜೋರು.

ಅವರು ಕಾನೂನು ಓದಿದವರಲ್ಲ, ಮನಶ್ಶಾಸ್ತ್ರ ಮತ್ತು ಸಮಾಲೋಚನೆಯ ಹಿನ್ನೆಲೆಯವರು. ಕಪ್ಪು ಜನರು ತಾರತಮ್ಯವನ್ನು ಹೇಗೆ ಎದುರಿಸಿದರು ಎಂದು ತಿಳಿಯಲು ನಾಗರಿಕ ಹಕ್ಕುಗಳ ವರದಿಯೊಂದನ್ನು ಓದುತ್ತಿದ್ದಾಗ ಪುಟದ ತಳದ ಟಿಪ್ಪಣಿಯೊಂದು ಕಣ್ಣಿಗೆ ಬಿತ್ತು. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರಲ್ಲಿ ಹೊರಡಿಸಿದ್ದ 11246ನೇ ಆದೇಶ, ಕೇಂದ್ರ ಸರ್ಕಾರದಿಂದ ಗುತ್ತಿಗೆ ಪಡೆಯುವ ಸಂಸ್ಥೆಗಳು ಜನಾಂಗ, ಬಣ್ಣ, ಧರ್ಮದ ಆಧಾರದ ಮೇಲೆ ನೌಕರರಲ್ಲಿ ಭೇದ ಮಾಡಬಾರದು ಎಂದಿತ್ತು. ಅದಕ್ಕೆ ನಂತರ ತಿದ್ದುಪಡಿಯಾಗಿ ‘ಲಿಂಗ’ ಎಂಬ ಪದವೂ ಸೇರಿದೆ ಎನ್ನುತ್ತಿತ್ತು ಆ ಟಿಪ್ಪಣಿ. ವಿಶ್ವವಿದ್ಯಾಲಯಗಳೂ ಸರ್ಕಾರದ ಗುತ್ತಿಗೆ ಹಣ ಪಡೆಯುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಎರಡನ್ನೂ ಜೋಡಿಸಿದರು. 1970ರಿಂದ ಅವರೂ ಅವರ ಜೊತೆಗಾರರೂ ಸುಮಾರು 250 ವಿಶ್ವವಿದ್ಯಾಲಯ, ಕಾಲೇಜುಗಳ ಮೇಲೆ ದೂರು ಹಾಕಿದರು. ಆ ಅಲೆಯಿಂದಲೇ 1972ರಲ್ಲಿ ‘ಟೈಟಲ್ 9’ ಕಾನೂನು ಬಂತು. ಕೇಂದ್ರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ಅದು ನಿಷೇಧಿಸಿತು.

ಇಲ್ಲಿ ಹೆಣ್ಣಿನ ಪ್ರಶ್ನೆಯೂ ಬಣ್ಣದ ಪ್ರಶ್ನೆಯೂ ಹೇಗೆ ಹೆಣೆದುಕೊಂಡಿವೆ ನೋಡಿ. ಕಪ್ಪು ಜನರ ಹೋರಾಟಕ್ಕೆ ಸಿಕ್ಕಿದ ಆದೇಶದ ಬಾಲ ಹಿಡಿದೇ ಮಹಿಳೆಯರು ಒಳಗೆ ಬಂದರು.

ಇನ್ನೂರು ಚದರಡಿ

ಕಾನೂನು ಬಂದ ಮೇಲೆ ಬಾಗಿಲು ತೆರೆಯಿತು. ಒಳಗೆ ಹೋದವರಿಗೆ ಏನಾಯಿತು? ಅದು ಬೆಳಕಿಗೆ ಬರಲು ಇನ್ನೂ 20 ವರ್ಷ ಬೇಕಾಯಿತು.

ನ್ಯಾನ್ಸಿ ಹಾಪ್‌ಕಿನ್ಸ್ ಅಣುಜೀವವಿಜ್ಞಾನಿ, 1973ರಿಂದ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿಯಲ್ಲಿ ಪ್ರಾಧ್ಯಾಪಕಿ. 1990ರ ದಶಕದ ಮೊದಲಲ್ಲಿ ಅವರು ಝೀಬ್ರಾ ಮೀನುಗಳ ಮೇಲೆ ಸಂಶೋಧನೆ ಶುರುಮಾಡಿದರು. ಮೀನಿನ ತೊಟ್ಟಿಗಳನ್ನಿಡಲು ಇನ್ನೂ 200 ಚದರಡಿ ಜಾಗ ಬೇಕೆಂದು ಕೇಳಿದರು. ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದ, ನಮ್ಮ ಪೇಟೆ ಬೀದಿಯ ಒಂದು ಅಂಗಡಿ ಮಳಿಗೆಯಷ್ಟು. ಸಿಗಲಿಲ್ಲ. ಹಿರಿಯ ಪ್ರಾಧ್ಯಾಪಕರಿಗೆ ಇರಬೇಕಾದಷ್ಟು ಜಾಗ ನನಗಿಲ್ಲ ಎಂದು ಅವರು ವಾದಿಸಿದರೆ, ಇದೆ ಎಂಬ ಉತ್ತರ ಬಂತು.

ವಾದ ಮಾಡಿ ಫಲವಿಲ್ಲವೆಂದಾಗ ಅವರು ವಿಜ್ಞಾನಿ ಮಾಡುವ ಕೆಲಸವನ್ನೇ ಮಾಡಿದರು. ಅಳತೆ ಟೇಪು ತೆಗೆದುಕೊಂಡು, ಜನ ಇಲ್ಲದ ಹೊತ್ತಿನಲ್ಲಿ ಆ ಕಟ್ಟಡದ ಪ್ರಯೋಗಾಲಯಗಳನ್ನು ಒಂದೊಂದಾಗಿ ಅಳೆದರು. ಗೋಡೆಯಿಂದ ಗೋಡೆಗೆ ಟೇಪು ಎಳೆದು, ಬರೆದುಕೊಂಡು, ಮುಂದಿನ ಕೋಣೆಗೆ. ಎರಡು ದಶಕ ಅಲ್ಲೇ ದುಡಿದ ಪ್ರಾಧ್ಯಾಪಕಿ ತನ್ನ ಮಾತು ಸುಳ್ಳಲ್ಲ ಎಂದು ತೋರಿಸಲು ಸಹೋದ್ಯೋಗಿಗಳ ಕೋಣೆಯ ನೆಲ ಅಳೆಯಬೇಕಾಯಿತು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ. ಕೂಡಿ ನೋಡಿದಾಗ, ಅವರಿಗಿಂತ ಕಿರಿಯ ಪುರುಷ ಸಹೋದ್ಯೋಗಿಗಳಿಗೂ ಅವರಿಗಿಂತ ಹೆಚ್ಚು ಜಾಗವಿತ್ತು.

ತನಗೊಬ್ಬಳಿಗೇ ಹೀಗೆ ಎಂದುಕೊಂಡಿದ್ದವರು ಕೊನೆಗೆ ಇನ್ನೊಬ್ಬ ಹಿರಿಯ ಸಹೋದ್ಯೋಗಿಗೆ ಹೇಳಿಕೊಂಡರು. ಆಕೆಯದೂ ಅದೇ ಅನುಭವ. ಆಗ ಎಣಿಸಲು ಕೂತರು. 1994ರಲ್ಲಿ ಎಂಐಟಿ ವಿಜ್ಞಾನ ನಿಕಾಯದ ಆರು ವಿಭಾಗಗಳಲ್ಲಿ ಖಾಯಂ ಆಗಿದ್ದ ಮಹಿಳೆಯರು 15, ಪುರುಷರು 190ಕ್ಕೂ ಹೆಚ್ಚು. ಎಣಿಕೆಗೆ ಒಂದು ಸಂಜೆಯೂ ಬೇಕಾಗಲಿಲ್ಲ. ಅವರಲ್ಲಿ ಬಹುಪಾಲು ಮಹಿಳೆಯರು ಸಹಿ ಮಾಡಿದ ಪತ್ರ ಡೀನ್ ರಾಬರ್ಟ್ ಬರ್ಜಿನೋ ಅವರ ಮೇಜಿಗೆ ಹೋಯಿತು. ಅವರು ತಳ್ಳಿಹಾಕಲಿಲ್ಲ, ಸಮಿತಿ ರಚಿಸಿದರು. ಸಮಿತಿ ಸಂಬಳ, ಜಾಗ, ಪ್ರಶಸ್ತಿಗಳಿಗೆ ಶಿಫಾರಸು, ಮುಖ್ಯ ಸಮಿತಿಗಳ ಸದಸ್ಯತ್ವ ಎಲ್ಲವನ್ನೂ ತೂಗಿ ನೋಡಿತು.

1999ರ ಮಾರ್ಚ್‌ನಲ್ಲಿ ವರದಿ ಹೊರಬಂತು. ಎಂಐಟಿಯ ಆಗಿನ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಅದಕ್ಕೆ ಬರೆದ ಮುನ್ನುಡಿಯಲ್ಲಿ ಒಪ್ಪಿಕೊಂಡ ಮಾತು ಅಪರೂಪದ್ದು: ವಿಶ್ವವಿದ್ಯಾಲಯಗಳ ಲಿಂಗ ತಾರತಮ್ಯದಲ್ಲಿ ವಾಸ್ತವ ಸ್ವಲ್ಪ, ಭಾವನೆ ಸ್ವಲ್ಪ ಎಂದು ನಂಬಿದ್ದೆ, ವಾಸ್ತವವೇ ಬಹುಪಾಲು ಎಂದು ಈಗ ತಿಳಿಯಿತು ಎಂದರು. ಮಹಿಳೆಯರ ಸಂಬಳ ಸರಾಸರಿ ಶೇ 20ರಷ್ಟು ಏರಿತು. ಹಾಪ್‌ಕಿನ್ಸ್ ಅವರ ಮೀನುಗಳಿಗೆ ಜಾಗವೂ ಸಿಕ್ಕಿತು.

ವರದಿ ಯಾರನ್ನೂ ಖಳನೆಂದು ತೋರಿಸಲಿಲ್ಲ. ಕಿರಿಯ ಮಹಿಳಾ ಬೋಧಕರು ತಮಗೆ ಯಾವ ಭೇದವೂ ಕಾಣುತ್ತಿಲ್ಲ ಎಂದೇ ಹೇಳಿದ್ದರು. ಹಿರಿಯರಾಗುತ್ತ ಹೋದಂತೆ ಅವರನ್ನು ಒಂದೊಂದಾಗಿ ಬದಿಗೆ ಸರಿಸಲಾಗುತ್ತಿತ್ತು. ಮುಖ್ಯ ಸಮಿತಿಗೆ ಕರೆ ಬರುವುದಿಲ್ಲ, ಹೊಸ ಕೇಂದ್ರ ಕಟ್ಟುವಾಗ ನೆನಪಾಗುವುದಿಲ್ಲ, ಸಂಬಳ ಚೌಕಾಸಿ ಮಾಡುವ ಗುಟ್ಟು ತಿಳಿಯುವುದಿಲ್ಲ.

ಯಾರೂ ಕದಿಯದೆ ನೀರು ಖಾಲಿಯಾಗುವುದು

ಖಳ ಇಲ್ಲದೆ ಅನ್ಯಾಯ ಹೇಗಾಗುತ್ತದೆ? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿ. ತೂಬಿನಲ್ಲಿ ನೀರು ಬಿಟ್ಟಿರುತ್ತಾರೆ. ಮೇಲ್ಭಾಗದಲ್ಲಿ ಒಬ್ಬೊಬ್ಬರೂ ಎಳೆದುಕೊಳ್ಳುವುದು ಸ್ವಲ್ಪ ಸ್ವಲ್ಪವೇ. ಕೊನೆಯ ಹೊಲಕ್ಕೆ ಬರುವಷ್ಟರಲ್ಲಿ ಕಾಲುವೆಯಲ್ಲಿ ಹಸಿ ಮಣ್ಣು ಮಾತ್ರ. ವಿಶ್ವವಿದ್ಯಾಲಯದ ಮೆಟ್ಟಿಲುಗಳಲ್ಲಿ ಎಲ್ಲೆಲ್ಲಿ ನೀರು ಸೋರುತ್ತದೆ ಎಂದು ಸಂಶೋಧಕರು ಒಂದೊಂದು ಜಾಗವನ್ನೂ ಪರೀಕ್ಷಿಸಿದ್ದಾರೆ.

ಅರ್ಜಿಯ ಹಂತದಲ್ಲಿ: 2012ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡವೊಂದು 127 ವಿಜ್ಞಾನ ಬೋಧಕರಿಗೆ ಪ್ರಯೋಗಾಲಯ ವ್ಯವಸ್ಥಾಪಕ ಹುದ್ದೆಯ ಒಂದೇ ಅರ್ಜಿಯನ್ನು ಕಳಿಸಿತು. ಕೆಲವರಿಗೆ ಹೋದ ಪ್ರತಿಯಲ್ಲಿ ಹೆಸರು ಜಾನ್, ಉಳಿದವರಿಗೆ ಜೆನಿಫರ್. ಅಕ್ಷರ ಅಕ್ಷರವೂ ಅದೇ. ಜಾನ್‌ಗೆ ಕೊಡಬಹುದು ಎಂದ ಸಂಬಳದ ಸರಾಸರಿ 30,238 ಡಾಲರ್, ಜೆನಿಫರ್‌ಗೆ 26,508. ಹೀಗೆ ತೂಗಿದವರಲ್ಲಿ ಮಹಿಳಾ ಬೋಧಕರೂ ಇದ್ದರು.

ಎಲ್ಲ ಅಧ್ಯಯನಗಳೂ ಇದೇ ಹೇಳುತ್ತವೆ ಎಂದರೆ ತಪ್ಪು. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವೆಂಡಿ ವಿಲಿಯಮ್ಸ್ ಮತ್ತು ಸ್ಟೀಫನ್ ಸೆಸಿ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಕಾಲ್ಪನಿಕ ಅಭ್ಯರ್ಥಿಗಳನ್ನು ಮುಂದಿಟ್ಟಾಗ, ಬೋಧಕರು ಸರಿಸಮ ಅರ್ಹತೆಯ ಮಹಿಳೆಯನ್ನೇ ಎರಡಕ್ಕೆ ಒಂದರಂತೆ ಆರಿಸಿದರು. ಅಂದರೆ ಯಾವ ಹುದ್ದೆ, ಅರ್ಜಿ ಎಷ್ಟು ಗಟ್ಟಿ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಈ ವಿಷಯದಲ್ಲಿ ಒಂದೇ ಅಧ್ಯಯನ ಹಿಡಿದು ವಾದಿಸುವವರನ್ನು ಕಂಡರೆ ಎಚ್ಚರದಿಂದಿರಿ.

ಹಣದ ಹಂತದಲ್ಲಿ: 1997ರಲ್ಲಿ ಸ್ವೀಡನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಕಡತಗಳನ್ನು ಇಬ್ಬರು ವಿಜ್ಞಾನಿಗಳು ನ್ಯಾಯಾಲಯದ ಮೂಲಕ ತೆರೆಸಿ ನೋಡಿದರು. ಪುರುಷರಷ್ಟೇ ಅಂಕ ಪಡೆಯಲು ಮಹಿಳೆಯ ಪ್ರಕಟಣೆಗಳ ತೂಕ ಎರಡೂವರೆ ಪಟ್ಟು ಇರಬೇಕಿತ್ತು. 2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅನುದಾನಗಳನ್ನು ಪರಿಶೀಲಿಸಿದಾಗ, ಓದು-ಅನುಭವಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕಪ್ಪು ಅರ್ಜಿದಾರರಿಗೆ ಹಣ ಸಿಗುವ ಸಾಧ್ಯತೆ ಬಿಳಿಯರಿಗಿಂತ 10 ಶೇಕಡಾವಾರು ಅಂಶಗಳಷ್ಟು ಕಡಿಮೆಯಿತ್ತು.

ಶಿಫಾರಸು ಪತ್ರದಲ್ಲಿ: ಅಮೆರಿಕದ ವೈದ್ಯಕೀಯ ಕಾಲೇಜೊಂದರ 300ಕ್ಕೂ ಹೆಚ್ಚು ಪತ್ರಗಳನ್ನು ಓದಿದ ಅಧ್ಯಯನದಲ್ಲಿ, ಮಹಿಳೆಯರ ಬಗೆಗಿನ ಪತ್ರಗಳು ಗಿಡ್ಡವಾಗಿದ್ದವು. ಅವನ ‘ಸಂಶೋಧನೆ’, ಅವಳ ‘ಪಾಠ’ ಎಂಬ ಧಾಟಿ ಇತ್ತು. ‘ತುಂಬ ಶ್ರಮಜೀವಿ’ ಎನ್ನುವುದು ನಮ್ಮ ಕಿವಿಗೆ ಹೊಗಳಿಕೆ. ಆಯ್ಕೆ ಸಮಿತಿಯ ಕಿವಿಗೆ ಅದು ‘ಪ್ರತಿಭೆ ಸಾಲದು, ದುಡಿಯುತ್ತಾಳೆ’ ಎಂದು ಕೇಳಿಸಬಹುದು.

ಇನ್ನು ದಿನನಿತ್ಯದ ಕೆಲಸ. ಇದನ್ನು ವಿವರಿಸಲು ಅಮೆರಿಕಕ್ಕೆ ಹೋಗಬೇಕಿಲ್ಲ. ನಮ್ಮ ಯಾವ ಕಾಲೇಜಿನ ಸ್ಟಾಫ್ ರೂಮಿನಲ್ಲಾದರೂ ಸಮಾರಂಭದ ಹಿಂದಿನ ದಿನ ಕೂತು ನೋಡಿ. ಅತಿಥಿಗಳಿಗೆ ಹಾರ, ಪ್ರಾರ್ಥನೆ ಹಾಡುವ ಹುಡುಗಿಯರು, ರಂಗೋಲಿ, ತಿಂಡಿ ಪ್ಯಾಕೆಟ್ಟಿನ ಲೆಕ್ಕ: ‘ಮೇಡಂ ನೋಡ್ಕೊಳ್ತಾರೆ ಬಿಡಿ.’ ನ್ಯಾಕ್ ಕಡತ ಜೋಡಿಸುವುದೂ ಮೇಡಂ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಒಬ್ಬರು ಪ್ರಬಂಧ ಬರೆಯುತ್ತಿರುತ್ತಾರೆ. ಬಡ್ತಿಯ ಕಡತದಲ್ಲಿ ಪ್ರಬಂಧಕ್ಕೆ ಅಂಕವಿದೆ, ಹಾರಕ್ಕಿಲ್ಲ. ಬಡ್ತಿಗೆ ಲೆಕ್ಕಕ್ಕೆ ಬಾರದ ಇಂಥ ಕೆಲಸಗಳಿಗೆ ಮಹಿಳೆಯರನ್ನೇ ಹೆಚ್ಚು ಕೇಳುತ್ತಾರೆ, ಅವರೇ ಹೆಚ್ಚು ಒಪ್ಪಿಕೊಳ್ಳುತ್ತಾರೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞೆಯರ ತಂಡವೊಂದು 2017ರಲ್ಲಿ ಪ್ರಯೋಗಗಳ ಮೂಲಕ ತೋರಿಸಿತು.

ಎರಡು ಕಟ್ಟು

ಕಪ್ಪು ಮಹಿಳೆಗೆ ಈ ಸೋರಿಕೆ ಎರಡೂ ಕಡೆಯಿಂದ. 1975ರ ಕೊನೆಯಲ್ಲಿ ಅಲ್ಪಸಂಖ್ಯಾತ ಸಮುದಾಯಗಳ 30 ಮಹಿಳಾ ವಿಜ್ಞಾನಿಗಳು ಒಟ್ಟಿಗೆ ಕೂತು ಮಾತಾಡಿದರು. ಶರ್ಲಿ ಮ್ಯಾಲ್ಕಮ್ ಮತ್ತು ಇನ್ನಿಬ್ಬರು ಮರುವರ್ಷ ಬರೆದ ವರದಿ ಈ ಸ್ಥಿತಿಯನ್ನು ‘ಡಬಲ್ ಬೈಂಡ್’ ಎಂದು ಕರೆಯಿತು. ಮಹಿಳೆಯರ ಪರವಾದ ಯೋಜನೆ ಬಂದಾಗ ಬಿಳಿ ಮಹಿಳೆಯರನ್ನು, ಜನಾಂಗದ ಪರವಾದ ಯೋಜನೆ ಬಂದಾಗ ಪುರುಷರನ್ನು ಮನಸ್ಸಿನಲ್ಲಿಟ್ಟುಕೊಂಡು ನಿಯಮ ಬರೆಯುತ್ತಾರೆ. ಎರಡರ ನಡುವಿನವಳು ಎರಡರಲ್ಲೂ ಕಾಣುವುದಿಲ್ಲ. ದಲಿತ ಮಹಿಳೆಯರ ಮಾತು ಕೇಳಿದ ನಮಗೆ ಇದು ಹೊಸ ವಿಚಾರವಲ್ಲ.

ಅಂಕಿ ನೋಡಿ. 2018ರ ಸರ್ಕಾರಿ ಲೆಕ್ಕದಂತೆ ಅಮೆರಿಕದ ಪೂರ್ಣ ಪ್ರಾಧ್ಯಾಪಕರಲ್ಲಿ ಬಿಳಿ ಪುರುಷರು ಶೇ 53, ಬಿಳಿ ಮಹಿಳೆಯರು ಶೇ 27. ಏಷ್ಯಾ ಮೂಲದ ಪುರುಷರು ಶೇ 8, ಮಹಿಳೆಯರು ಶೇ 3. ಕಪ್ಪು ಮಹಿಳೆಯರು ಶೇ 2 ಅಥವಾ ಅದಕ್ಕೂ ಕಡಿಮೆ. ಕನ್ನಡದ ಹೆಣ್ಣುಮಕ್ಕಳು ಲೆಕ್ಕಕ್ಕೆ ಸೇರುವುದು ಆ ಶೇ 3ರ ಪಟ್ಟಿಗೆ. ಒಂದು ವಿಷಯ ಗಮನದಲ್ಲಿರಲಿ: ಏಷ್ಯಾದವರನ್ನು ಎನ್‌ಎಸ್‌ಎಫ್ ‘ಪ್ರಾತಿನಿಧ್ಯ ಕಡಿಮೆಯಿರುವ ಅಲ್ಪಸಂಖ್ಯಾತರು’ ಎಂದು ಪರಿಗಣಿಸುವುದಿಲ್ಲ. ಹಾಗಾಗಿ ಜನಾಂಗದ ಆಧಾರದ ಯೋಜನೆಗಳು ನಮ್ಮವರಿಗೆ ಮುಟ್ಟಿದ್ದು ಕಡಿಮೆ, ಮಹಿಳೆಯರ ಪರವಾದವು ಮುಟ್ಟಿವೆ.

ಸೋರಿಕೆ ಮುಚ್ಚಲು ಏನು ಮಾಡಿದರು

2001ರಲ್ಲಿ ಎನ್‌ಎಸ್‌ಎಫ್ ‘ಅಡ್ವಾನ್ಸ್’ ಎಂಬ ಯೋಜನೆ ತಂದಿತು. ಅದರ ಹೊಸತನ ಇಷ್ಟು: ಮಹಿಳಾ ವಿಜ್ಞಾನಿಗೆ ಹಣ ಕೊಟ್ಟು ‘ನೀನು ಗಟ್ಟಿಯಾಗು’ ಎನ್ನುವ ಬದಲು, ಸಂಸ್ಥೆಗೆ ಹಣ ಕೊಟ್ಟು ‘ನಿನ್ನ ನಿಯಮ ತಿದ್ದಿಕೋ’ ಎಂದಿತು. ಮಿಷಿಗನ್ ವಿಶ್ವವಿದ್ಯಾಲಯ ಮೊದಲ ತಂಡಗಳಲ್ಲಿತ್ತು. ಅಲ್ಲಿ ‘ಸ್ಟ್ರೈಡ್’ ಎಂಬ ಸಮಿತಿ ರಚಿಸಿ, ವಿಜ್ಞಾನ ಮತ್ತು ಎಂಜಿನಿಯರಿಂಗ್‌ನ ಹಿರಿಯ ಪ್ರಾಧ್ಯಾಪಕರನ್ನೇ, ಗಂಡಸರನ್ನೂ ಸೇರಿಸಿ, ಸದಸ್ಯರನ್ನಾಗಿ ಮಾಡಿದರು. ಅವರು ಮೇಲೆ ಹೇಳಿದಂಥ ಅಧ್ಯಯನಗಳನ್ನು ಓದಿ, ಆಯ್ಕೆ ಸಮಿತಿಯ ಸಹೋದ್ಯೋಗಿಗಳಿಗೆ ವಿವರಿಸುತ್ತಿದ್ದರು. ಹೊರಗಿನಿಂದ ಬಂದ ತರಬೇತುದಾರರ ಮಾತಿಗೆ ಗಡಿಯಾರ ನೋಡುವ ಪ್ರಾಧ್ಯಾಪಕರು ತಮ್ಮದೇ ವಿಭಾಗದ ಹಿರಿಯರು ದತ್ತಾಂಶ ಇಟ್ಟು ಮಾತಾಡಿದಾಗ ಕೇಳುತ್ತಾರೆ. ನನ್ನ ಮಟ್ಟಿಗೆ ಇಡೀ ಪ್ರಯತ್ನದಲ್ಲಿ ಅತ್ಯಂತ ಜಾಣತನದ ಹೆಜ್ಜೆ ಇದು.

ಒಳ್ಳೆಯ ಉದ್ದೇಶ ಕೈಕೊಟ್ಟದ್ದೂ ಉಂಟು. ಮಗು ಹುಟ್ಟಿದರೆ ಟೆನ್ಯೂರ್ ಗಡಿಯಾರವನ್ನು ಒಂದು ವರ್ಷ ನಿಲ್ಲಿಸುವ ನಿಯಮವನ್ನು ಹಲವು ವಿಶ್ವವಿದ್ಯಾಲಯಗಳು ತಂದವು. ನ್ಯಾಯವಾಗಿರಲಿ ಎಂದು ತಂದೆಗೂ ತಾಯಿಗೂ ಒಂದೇ ರಿಯಾಯಿತಿ. ಅಮೆರಿಕದ ಮುಂಚೂಣಿಯ ಅರ್ಥಶಾಸ್ತ್ರ ವಿಭಾಗಗಳ ದಾಖಲೆ ನೋಡಿದ ಅಧ್ಯಯನವೊಂದು 2018ರಲ್ಲಿ ತೋರಿಸಿದ್ದೇನೆಂದರೆ, ಈ ನಿಯಮದ ನಂತರ ಅಲ್ಲಿ ಟೆನ್ಯೂರ್ ಪಡೆದ ಪುರುಷರ ಪ್ರಮಾಣ ಏರಿತು, ಮಹಿಳೆಯರದು ಇಳಿಯಿತು. ಹೆಚ್ಚುವರಿ ವರ್ಷದಲ್ಲಿ ಪುರುಷರು ಮೇಲ್ಮಟ್ಟದ ಪತ್ರಿಕೆಗಳಲ್ಲಿ ಹೆಚ್ಚು ಪ್ರಕಟಿಸಿದರು, ಮಹಿಳೆಯರಿಗೆ ಹಾಗಾಗಲಿಲ್ಲ. ಹೆತ್ತು, ಹಾಲೂಡಿಸಿ ಚೇತರಿಸಿಕೊಳ್ಳುವ ವರ್ಷವೂ ಬಿಡುವಿನ ವರ್ಷವೂ ಒಂದೇ ಅಲ್ಲ. ಎಲ್ಲರಿಗೂ ಒಂದೇ ಮೆಟ್ಟಿಲು ಎಂಬ ಬಸ್ಸಿನ ಕಥೆಯೇ ಮತ್ತೆ ಬಂತು.

ಎಂಐಟಿಯಲ್ಲಿ 2011ರ ಹೊತ್ತಿಗೆ ವಿಜ್ಞಾನ ಮತ್ತು ಎಂಜಿನಿಯರಿಂಗ್‌ನ ಮಹಿಳಾ ಬೋಧಕರ ಸಂಖ್ಯೆ 1999ಕ್ಕೆ ಹೋಲಿಸಿದರೆ ಸುಮಾರು ಇಮ್ಮಡಿಯಾಗಿತ್ತು. ಆದರೆ ಹಿಂದಿನಿಂದ ವರ್ಷವಾರು ನೋಡಿದರೆ ಗೆರೆ ನೆಟ್ಟಗೆ ಏರಿಲ್ಲ. 1970ರ ದಶಕದ ಮೊದಲಲ್ಲಿ, ಸರ್ಕಾರದ ಒತ್ತಡ ಬಂದಾಗ ಒಂದು ಏರು. ಆಮೇಲೆ ವರ್ಷಗಟ್ಟಲೆ ಸಮತಟ್ಟು. ಬರ್ಜಿನೋ ಡೀನ್ ಆಗಿ ಮುತುವರ್ಜಿ ವಹಿಸಿದಾಗ ಇನ್ನೊಂದು ಏರು. ಯಾರೋ ಕೂತು ಲೆಕ್ಕ ಕೇಳಿದಾಗ ಮಾತ್ರ ಗೆರೆ ಮೇಲೆ ಹೋಗಿದೆ.

ಬೆಂಗಳೂರಿನ ನಂಟು

ಈ ಕಥೆಯ ಒಂದು ಎಳೆ ನಮ್ಮೂರಿಗೂ ಬರುತ್ತದೆ. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಬೇಡವೆಂದರು. ಕಮಲಾ ಪಟ್ಟು ಬಿಡದೆ ಷರತ್ತುಗಳ ಮೇಲೆ ಸೇರಿದರು, ಗೆದ್ದರು. ಅದೇ ಸಂಸ್ಥೆಗೆ ಮುಂದೆ ಬಂದವರು ಕನ್ನಡತಿ ರಾಜೇಶ್ವರಿ ಚಟರ್ಜಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1947ರಲ್ಲಿ ಅಮೆರಿಕಕ್ಕೆ ಹೋಗಿ, 1953ರಲ್ಲಿ ಪಿಎಚ್‌ಡಿ ಪಡೆದು ಮರಳಿದರು. ವಿಜ್ಞಾನ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಬೋಧಿಸಿದ ಮೊದಲ ಮಹಿಳೆ ಅವರು. ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆಗೆ ಇಲ್ಲಿ ತಳಪಾಯ ಹಾಕಿದರು. ಪಿಎಚ್‌ಡಿ ಮಾಡಿದ್ದು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ.

ಭಾರತದ ಉನ್ನತ ಶಿಕ್ಷಣದಲ್ಲಿ ಈಗ, 2021-22ರ ಸಮೀಕ್ಷೆಯಂತೆ, 100 ಪುರುಷ ಬೋಧಕರಿಗೆ 77 ಮಹಿಳೆಯರಿದ್ದಾರೆ. ಮೇಲಿನ ಹುದ್ದೆಗಳಿಗೆ ಹೋದಂತೆ ಆ ಸಂಖ್ಯೆ ಕರಗುತ್ತದೆ. ಸಂಸ್ಥೆಗಳೇ ತಮ್ಮ ಲೆಕ್ಕ ತೆಗೆದು ತಿದ್ದಿಕೊಳ್ಳಲಿ ಎಂದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2020ರಲ್ಲಿ ‘ಗತಿ’ ಎಂಬ ಯೋಜನೆ ಶುರುಮಾಡಿತು. ಅದರ ಮಾದರಿ ಬ್ರಿಟನ್ನಿನದು.

ಈಗ ಆಗಿರುವುದು

2025ರ ಜನವರಿಯಲ್ಲಿ ರದ್ದಾದದ್ದು ಯಾವ ಆದೇಶ? ಸ್ಯಾಂಡ್ಲರ್ ಅಡಿಟಿಪ್ಪಣಿಯಲ್ಲಿ ಕಂಡ ಅದೇ 11246. ಅದನ್ನು ತೆಗೆದವರ ವಾದ ಹೀಗಿದೆ: ವ್ಯಕ್ತಿಯನ್ನು ಅರ್ಹತೆಯಿಂದ ಮಾತ್ರ ಅಳೆಯಬೇಕು, ಜನಾಂಗವನ್ನೋ ಲಿಂಗವನ್ನೋ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇನ್ನೊಬ್ಬರಿಗೆ ಮಾಡುವ ಭೇದ. ವಿದ್ಯಾರ್ಥಿಗಳ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು ಈ ವಾದಕ್ಕೆ ಬಲ ಕೊಟ್ಟಿತು. ವಿರೋಧಿಸುವವರು ಕೇಳುವುದು, ಅರ್ಹತೆಯನ್ನು ಅಳೆಯುವ ಕೋಲೇ ಡೊಂಕಾಗಿದ್ದರೆ ಏನು ಮಾಡುವುದು ಎಂದು. ಜಾನ್ ಮತ್ತು ಜೆನಿಫರ್‌ರ ಅರ್ಜಿ ಅವರ ಕೈಯಲ್ಲಿದೆ.

ಹಾಗೆಂದು ಎಲ್ಲವೂ ಅಳಿಸಿಹೋಗಿಲ್ಲ. 1972ರ ಟೈಟಲ್ 9 ಸಂಸತ್ತು ಮಾಡಿದ ಕಾನೂನು, ಅಧ್ಯಕ್ಷರ ಸಹಿಯೊಂದರಿಂದ ಹೋಗುವಂಥದ್ದಲ್ಲ. ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯ್ದೆಯೂ ಹಾಗೆಯೇ ಇದೆ. ದೂರು ಕೊಡುವ ಹಕ್ಕು ಉಳಿದಿದೆ. ಹೋಗುತ್ತಿರುವುದು ದೂರಿಗೆ ಮುಂಚೆಯೇ ಲೆಕ್ಕ ತೆಗೆಯುತ್ತಿದ್ದ ಕಚೇರಿ, ಹಣ, ಸಿಬ್ಬಂದಿ.

ಅಲ್ಲಿ ಕೆಲಸಕ್ಕೆ ಸೇರಲಿರುವ ನಮ್ಮ ಹೆಣ್ಣುಮಕ್ಕಳು ಆ ಲೆಕ್ಕವನ್ನು ತಾವೇ ಸ್ವಲ್ಪ ಕೇಳಿಕೊಳ್ಳಬಹುದು. ಆಫರ್ ಪತ್ರಕ್ಕೆ ಸಹಿ ಹಾಕುವ ಮುಂಚೆ: ವಾರಕ್ಕೆ ಎಷ್ಟು ಪಾಠ, ಪ್ರಯೋಗಾಲಯ ಕಟ್ಟಲು ಎಷ್ಟು ಹಣ, ಮೊದಲ ವರ್ಷಗಳಲ್ಲಿ ಎಷ್ಟು ಸಮಿತಿ ಕೆಲಸ, ಮಗುವಾದರೆ ಗಡಿಯಾರ ನಿಲ್ಲುತ್ತದೆಯೇ, ಹಾಗೆ ನಿಲ್ಲಿಸಿದವರ ಕಡತವನ್ನು ಓದುವವರಿಗೆ ಏನೆಂದು ಸೂಚನೆ ಕೊಡುತ್ತಾರೆ. ಉತ್ತರ ಬರಹದಲ್ಲಿ ಇರಲಿ. ಸಂಬಳ ಗೊತ್ತುಮಾಡಿಕೊಳ್ಳುವುದಂತೂ ಕೆಲವು ಕಡೆ ಸುಲಭ. ಮಿಷಿಗನ್, ಕ್ಯಾಲಿಫೋರ್ನಿಯಾದಂಥ ಸಾರ್ವಜನಿಕ ವಿಶ್ವವಿದ್ಯಾಲಯಗಳ ನೌಕರರ ಸಂಬಳದ ಪಟ್ಟಿ ಯಾರು ಬೇಕಾದರೂ ನೋಡುವಂತೆ ತೆರೆದೇ ಇರುತ್ತದೆ: ಹೆಸರು, ವಿಭಾಗ, ಹುದ್ದೆ, ಮೊತ್ತ. ಮತ್ತೆ ಪ್ರಯೋಗಾಲಯ ಎಷ್ಟು ಚದರಡಿ ಎಂದೂ ಕೇಳಿ. ಪಕ್ಕದ ಕೋಣೆಯದು ಎಷ್ಟು ಎಂಬುದನ್ನೂ.